ಪರದೆಯ ಮೇಲೆ ಐದು ಕಾಲಂ

ಮುಖ ಕಂಡಕೂಡಲೇ ಹೆಸರು ನೆನಪಾಗುವುದು ದೇವರು ಕೊಟ್ಟ ವರ. ಮುಖ ಎದುರಿಗಿದ್ದೂ ಹೆಸರು ನಾಲಿಗೆಯ ತುದಿಯಲ್ಲೇ ಕುಳಿತುಬಿಡುವುದು, ಐವತ್ತು ದಾಟಿದವರ ಜೊತೆ ಅದೇ ದೇವರು ಆಡುವ ತಮಾಷೆ. ಬೇರೆಯವರಾದರೆ ನಕ್ಕು ಸುಮ್ಮನಾಗಬಹುದು. ಬನಹಟ್ಟಿಯಲ್ಲಿ ಸೀರೆಯ ಸಗಟು ಅಂಗಡಿ ಇಟ್ಟುಕೊಂಡ ನನಗೆ ಆ ಸೌಕರ್ಯವಿಲ್ಲ. ಗಿರಾಕಿ ಬಂದ ತಕ್ಷಣ ಸೀರೆ ತೋರಿಸುವ ಪದ್ಧತಿ ನಮ್ಮಲ್ಲಿಲ್ಲ. ಗಾದಿಯ ಮೇಲೆ ಕೂರಿಸಿ, ನೀರು ಕೊಟ್ಟು, ಮನೆಯವರನ್ನೆಲ್ಲ ವಿಚಾರಿಸಿ, ಚಹಾ ಕುಡಿಸಿ, ಆಮೇಲೆ ಗಂಟು ಬಿಚ್ಚಬೇಕು. ಈ ವಿಚಾರಿಸುವ ಕಲೆಯಲ್ಲಿ ನಾನು ಸುತ್ತ ನಾಲ್ಕೂರಿಗೆ ಹೆಸರುವಾಸಿ ಎಂದು ನನ್ನ ಬಲವಾದ ನಂಬಿಕೆ. ನಮಗಿಂತ ಛಲೋ ಸೀರೆ ಬೇರೆ ಅಂಗಡಿಯಲ್ಲಿ ಸಿಗಬಹುದು, ನನ್ನಂಥ ಮಾತು ಸಿಗುವುದಿಲ್ಲ, ಗಿರಾಕಿಗಳು ಬರುವುದೇ ಅದಕ್ಕೆ ಎಂದು ಹೆಂಡತಿ ಸುವರ್ಣಾಳ ಮುಂದೆ ಆಗಾಗ ಹೇಳುತ್ತಿದ್ದೆ. ಅವಳು ಚಹಾದ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು.

ಆದರೆ ಇತ್ತೀಚೆಗೆ ಕಲೆ ಕೈಕೊಡತೊಡಗಿತು. ರಬಕವಿಯ ಗಿರಾಕಿಯೊಬ್ಬರ ಅತ್ತೆಯ ಮೊಣಕಾಲು ನೋವನ್ನು ಬೀಳಗಿಯ ಗಿರಾಕಿಯ ಹತ್ತಿರ ಬಹಳ ಕಳಕಳಿಯಿಂದ ವಿಚಾರಿಸಿದೆ. "ನಮ್ಮತ್ತಿ ಮೊಣಕಾಲ ಕಬ್ಬಿಣ ಇದ್ದಂಗ ಅದಾವ್ರಿ, ಮೊನ್ನೆರ ಗುಡ್ಡಾ ಹತ್ತಿ ಬಂದಾಳ" ಎಂದು ಆಕೆ ನನ್ನನ್ನು ವಿಚಿತ್ರವಾಗಿ ನೋಡಿದರು. ಅದರ ಮರುದಿನವೇ ನಾನು ಗಿರಾಕಿಗಳ ವಿವರ ಇಟ್ಟುಕೊಳ್ಳುವ ಸಾಫ್ಟ್‌ವೇರ್ ಹಾಕಿಸುವ ತೀರ್ಮಾನ ಮಾಡಿದೆ.

ಹಾಕಲು ಜಮಖಂಡಿಯಿಂದ ಸುರೇಶ ಎಂಬ ಸಮಾಧಾನಿ ಬಂದರು. ವಿವರ ಎಷ್ಟು ಬೇಕಾದರೂ ತುಂಬಬಹುದಂತೆ. ಹೆಸರು ಒತ್ತಿ ಹುಡುಕಿದಾಗ ಅದರಲ್ಲಿ ಯಾವುದು ಕಾಣಬೇಕು ಎಂಬುದನ್ನು ಮಾತ್ರ ನಾವೇ ಆರಿಸಬೇಕಂತೆ. "ಎಲ್ಲಾನೂ ಆರಿಸಬ್ಯಾಡ್ರಿ ಕಾಕಾರ, ಅಕ್ಷರ ಇರಿವಿ ಹಂಗ ಕಾಣ್ತಾವ. ಐದು ಕಾಲಂ ಸಾಕು" ಎಂದರು. ನನಗೆ ಒಮ್ಮೆಲೇ ಅಧಿಕಾರ ಸಿಕ್ಕಂತಾಯಿತು. ಹೆಸರು, ಊರು, ಫೋನು, ಬೇಕಾಗುವ ಸೀರೆಯ ನಮೂನೆ, ಮನೆ ಸುದ್ದಿ ಎಂದು ಗಂಭೀರವಾಗಿ ಹೇಳಿದೆ. ಸುರೇಶ ತಲೆ ಕೆರೆದುಕೊಂಡರು. "ಸುದ್ದಿ ಬರ್ದ ತಾರೀಖೂ ಕಾಣಬೇಕ್ರಿ. ನಮೂನಿ ಬಿಟ್ರ ನಡೀತೈತಿ, ಸೀರಿ ಹೆಂಗೂ ಎದುರಿಗೇ ಇರ್ತಾವ." ಸರಿ, ನಮೂನೆ ಹೋಗಿ ತಾರೀಖು ಬಂತು. ಅಷ್ಟರಲ್ಲಿ ಚಹಾ ತಂದ ಸುವರ್ಣಾ, "ಚಹಾಕ್ಕೊಂದು ಕಾಲಂ ಇರಲಿ" ಎಂದಳು.

"ಚಹಾಕ್ಕ ಯಾಕ ಬೇ ಕಾಲಂ?"

"ಯಾರಿಗೆ ಸಕ್ಕರಿ ಬ್ಯಾಡ, ಯಾರಿಗೆ ಶುಂಠಿ ಬೇಕು, ಯಾರು ಒಲ್ಲೆ ಒಲ್ಲೆ ಅನ್ಕೋತ ಎರಡು ಕಪ್ ಕುಡೀತಾರ, ನಿಮಗೇನ್ ಗೊತ್ತೈತಿ?"

ಸಂಸಾರ ಮಾಡಿದವರಿಗೆ ಇಂಥ ಪ್ರಶ್ನೆಯ ಮುಂದೆ ಬಗ್ಗುವುದು ಗೊತ್ತಿರುತ್ತದೆ. ಆದರೆ ಐದರಲ್ಲಿ ಯಾವುದನ್ನು ಬಿಡುವುದು? ಸುದ್ದಿ ನನ್ನ ಪ್ರಾಣ. ತಾರೀಖು ಯಾರಿಗೆ ಬೇಕು, ಸುದ್ದಿ ಎಂದಿದ್ದರೂ ಸುದ್ದಿಯೇ ಎಂದು ತಾರೀಖನ್ನು ತೆಗೆಸಿಬಿಟ್ಟೆ. ಸುರೇಶ ಏನೋ ಹೇಳಲು ಬಾಯಿ ತೆರೆದರು. ನಾನು ಅವರ ಕೈಗೆ ಚಹಾ ಕೊಟ್ಟೆ.

ಮುಂದೆ ಬಹಳ ದಿನ ಸುಖವಾಗಿದ್ದೆ. ಬಾಗಿಲಲ್ಲಿ ಚಪ್ಪಲಿ ಬಿಡುತ್ತ ಅವರು ಹೆಸರು ಹೇಳುವಷ್ಟರಲ್ಲಿ ಒತ್ತುವುದು, ಓದುವುದು, ವಿಚಾರಿಸುವುದು. "ಎಷ್ಟ್ ನೆನಪಿಟ್ಟೀರಿ ಸಾವ್ಕಾರ್ರ!" ಎಂದು ಜನ ಬೆರಗಾಗುತ್ತಿದ್ದರು. ನಾನು ಕಂಪ್ಯೂಟರನ್ನು ಆ ಕಡೆ ತಿರುಗಿಸಿ ವಿನಯದಿಂದ ನಗುತ್ತಿದ್ದೆ.

ಹೀಗಿರುವಾಗ ಮುಧೋಳದ ಶಾಂತಕ್ಕ ಬಂದರು. ಮನೆಯಲ್ಲೇ ಸೀರೆ ಇಟ್ಟು ಮಾರುವ ಹಳೆಯ ಗಿರಾಕಿ. ಬಹಳ ದಿನಗಳಿಂದ ನಮ್ಮ ಕಡೆ ಸುಳಿದಿರಲಿಲ್ಲ. ಅವರು ಬೇರೆ ಅಂಗಡಿ ಹಿಡಿದಿದ್ದಾರೆ ಎಂದು ಯಾರೋ ಕಿವಿಗೆ ಹಾಕಿದ್ದರಿಂದ ನನಗೆ ನಿಜಕ್ಕೂ ಬೇಸರವಾಗಿತ್ತು. ಇವತ್ತು ಹೇಗಾದರೂ ಅವರನ್ನು ಉಳಿಸಿಕೊಳ್ಳಬೇಕು. ಜೊತೆಗೆ ಕೂಸನ್ನು ಎತ್ತಿಕೊಂಡ ಒಬ್ಬ ತರುಣಿ ಇದ್ದಳು. ನೋಡಿದೆನೇ ಹೊರತು ಗುರುತು ಹತ್ತಲಿಲ್ಲ. ಅವಸರದಲ್ಲಿ ಒತ್ತಿದೆ. ಮನೆ ಸುದ್ದಿ: ಮಗಳಿಗೆ ಗಂಡು ಹುಡುಕುತ್ತಿದ್ದಾರೆ. ಧ್ವನಿಗೆ ಇದ್ದಬದ್ದ ಬೆಲ್ಲವನ್ನೆಲ್ಲ ಸೇರಿಸಿ ಕೇಳಿದೆ: "ಮತ್ತ ಅಕ್ಕಾರ, ಮಗಳಿಗೆ ಎಲ್ಲೆರ ಗಂಡು ಗೊತ್ತಾತೇನ್ರಿ?"

ತರುಣಿ ಕೂಸನ್ನು ಗಾದಿಯ ಮೇಲೆ ಇಳಿಸಿದಳು.

"ಆತ್ರಿ" ಎಂದರು ಶಾಂತಕ್ಕ. "ಲಗ್ನಾನೂ ಆತು. ಲಗ್ನದ ಸೀರಿ ನಿಮ್ಮಲ್ಲೇ ಒಯ್ದಿದ್ವಿ. ನೀವೂ ಬಂದು ಹೋಳಿಗಿ ಮತ್ತೊಂದು ಹಾಕಿಸಿಕೊಂಡು ಉಂಡಿದ್ರಿ. ಇಕೀನ ಆ ಮಗಳು. ಕೂಸೂ ಆಗೇತಿ, ನೋಡ್ರಿ ಅಲ್ಲೇ, ನಿಮ್ಮ ಗಾದಿ ಹಸಿ ಮಾಡಾಕತ್ತೇತಿ."

ಪರದೆಯ ಮೇಲಿನ ಸುದ್ದಿ ಲಗ್ನಕ್ಕೂ ಮೊದಲು ಬರೆದದ್ದು, ತಾರೀಖು ಕಾಣದ್ದರಿಂದ ಹೊಸದೆಂದುಕೊಂಡಿದ್ದೆ. ಬೇರೆ ಅಂಗಡಿಯವನು ಹೆಸರು ಕೇಳದಿದ್ದರೂ ಕನಿಷ್ಠ ಬಾಣಂತಿಗೆ ಗಂಡು ಹುಡುಕುವುದಿಲ್ಲ. ಶಾಂತಕ್ಕ ಎದ್ದೇಬಿಡುತ್ತಾರೆ ಎಂದುಕೊಳ್ಳುವಷ್ಟರಲ್ಲಿ ಸುವರ್ಣಾ ಚಹಾ ತಂದಳು. ಶಾಂತಕ್ಕನಿಗೆ ಸಕ್ಕರೆಯಿಲ್ಲದೆ ಶುಂಠಿ ಹಾಕಿದ್ದು, ಮಗಳಿಗೆ ಬೆಲ್ಲ ಹಾಕಿದ ಬಿಸಿ ಹಾಲು. ಒಂದು ಗುಟುಕು ಕುಡಿದ ಶಾಂತಕ್ಕನ ಮುಖ ಸಡಿಲವಾಯಿತು. "ಮೊಣಕಾಲ ಆಪರೇಷನ್ ಆಗಿ ಇಷ್ಟ ದಿನಾ ಮನ್ಯಾಗ ಕುಂತಿದ್ದೆ ನೋಡ್ರಿ ವೈನಿ, ಈ ಚಹಾದ್ದ ನೆನಪು" ಎಂದು ಸುವರ್ಣಾಳಿಗೆ ಹೇಳಿ, ನನ್ನ ಕಡೆ ನೋಡಿ ನಕ್ಕೇಬಿಟ್ಟರು. ಯಾರ್ಯಾರದೋ ಮೊಣಕಾಲು ವಿಚಾರಿಸಿದ್ದೆ, ನಿಜಕ್ಕೂ ವಿಚಾರಿಸಬೇಕಾದ ಮೊಣಕಾಲು ಇಲ್ಲಿತ್ತು! ಬೇರೆ ಅಂಗಡಿ ಹಿಡಿದಿಲ್ಲವೆಂದು ಖುಷಿಯಾಗಿ ನಾನು ಕೈಗೆ ಸಿಕ್ಕ ಗಂಟನ್ನೆಲ್ಲ ಬಿಚ್ಚಿದೆ.

ಹೊರಡುವಾಗ ಶಾಂತಕ್ಕನ ಮೊಬೈಲು ಕಾಣಲಿಲ್ಲ. ಹರಡಿದ ಸೀರೆಗಳಲ್ಲಿ ಎಲ್ಲೋ ಸೇರಿತ್ತು. "ಒಂದು ರಿಂಗ್ ಕೊಡ್ರಿ ಸಾವ್ಕಾರ್ರ" ಎಂದರು. ಕೊಟ್ಟೆ. ಹಸಿರು ಸೀರೆಯ ಮಡಿಕೆಯಲ್ಲಿ ಅದು ಬಡಿದುಕೊಂಡಿತು. ಸುವರ್ಣಾ ಎತ್ತಿದಳು, ಪರದೆ ನೋಡಿದಳು, ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಾನೂ ಬಗ್ಗಿ ನೋಡಿದೆ. ನನ್ನ ಹೆಸರಿಲ್ಲ, ಅಂಗಡಿಯ ಹೆಸರಿಲ್ಲ. 'ಬನಹಟ್ಟಿ ಚಹಾ' ಎಂದಿತ್ತು.

ಶಾಂತಕ್ಕ ನಾಚಿಕೊಂಡರು. "ತಪ್ಪ ತಿಳಕೋಬ್ಯಾಡ್ರಿ. ಬನಹಟ್ಟಿ ಸೀರಿ ಅಂತ ಹುಡುಕಿದ್ರ ನಿಮ್ಮ ಓಣಿಗೆ ಓಣೀನ ಬರ್ತೈತಿ. ಚಹಾ ಅಂದ್ರ ನೀವೊಬ್ಬರ."

ಸುರೇಶರಿಗೂ ನನಗೂ ಐದು ಕಾಲಂ ಸಾಲದೆ ಹೋಗಿದ್ದವು. ಮುಧೋಳದಲ್ಲಿ ನನ್ನನ್ನು ಹುಡುಕಲು ಒಂದೇ ಸಾಕಾಗಿತ್ತು, ಅದೂ ನನ್ನದಲ್ಲ.

ಅವರು ಹೋದ ಮೇಲೆ ಸುವರ್ಣಾ ಕಂಪ್ಯೂಟರಿನ ಮುಂದೆ ಕುಳಿತಳು. "ತಾರೀಖು ಹಾಕಬೇಕಂದ್ರ ಯಾವುದರ ಒಂದು ತಗೀಬೇಕ್ರಿ. ಚಹಾ ತಗೀಲೇನು?" ಎಂದು ಬಹಳ ಮುಗ್ಧವಾಗಿ ಕೇಳಿದಳು.

ನಾನು ಚಹಾದ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋದೆ.