ಕಂಪ್ಯೂಟರಿಗೆ ಮಡಿ ಉಡಿಸಿದವರು

ಮಡಿವಂತರು ಎಲ್ಲ ಊರಲ್ಲೂ ಇರುತ್ತಾರೆ. ಆದರೆ ಕಂಪ್ಯೂಟರಿಗೇ ಮಡಿ ಉಡಿಸಿದ ಮಹಾನುಭಾವರು ಇಡೀ ಬೆಳಗಾವಿಗೆ ಒಬ್ಬರೇ, ಅವರು ನನ್ನ ಪಾಲಿಗೇ ಬರಬೇಕೆ! ನಮ್ಮದು ಲಿಂಗವಂತರ ಮನೆ. ನಮ್ಮಲ್ಲಿ ಮಡಿಯೂ ಇಲ್ಲ, ಮೈಲಿಗೆಯೂ ಇಲ್ಲ. ಹಿರಿಯರು ಎಂದೋ ಹೊರಗೆ ಹಾಕಿದ್ದನ್ನು ನಮ್ಮ ಯಜಮಾನರು ಲ್ಯಾಪ್‌ಟಾಪಿನಲ್ಲಿ ತುಂಬಿಸಿಕೊಂಡು ಮಹಾಂತೇಶ ನಗರದ ಮನೆಯೊಳಗೆ ತಂದಿದ್ದಾರೆ.

ನಾವಿಬ್ಬರೂ ಪ್ರೋಗ್ರಾಂ ಬರೆಯುವವರೇ. ನನ್ನದು ಸಿ ಭಾಷೆ. ಯಂತ್ರಕ್ಕೆ ನೇರವಾಗಿ ಹೇಳಿ ಕೆಲಸ ಮಾಡಿಸುವುದು. ಅವರು ಕಾಲೇಜಿನಲ್ಲಿ ಕಲಿಸುವುದು ಫಂಕ್ಷನಲ್ ಭಾಷೆ. ಅದರಲ್ಲಿ ಒಂದು ಹೆಸರಿಗೆ ಒಮ್ಮೆ ಬೆಲೆ ಕೊಟ್ಟರೆ ಬದಲಿಸುವಂತಿಲ್ಲ. ಅದೇ ಪ್ರಶ್ನೆಗೆ ಯಾವಾಗಲೂ ಅದೇ ಉತ್ತರ. ಇದು ಇವರ ಪ್ರಕಾರ ಮಡಿ. ಗಡಿಯಾರ ನೋಡುವುದು, ಗಂಟೆ ಬಾರಿಸುವುದು, ಹೀಗೆ ಹೊರಲೋಕವನ್ನು ಮುಟ್ಟಿದ್ದೆಲ್ಲ ಮೈಲಿಗೆ. ಅಂಥದ್ದಕ್ಕೆ ಮೈಲಿಗೆಯೆಂದು ಚೀಟಿ ಅಂಟಿಸಲೇಬೇಕು!

ಕಂಪ್ಯೂಟರಿನಲ್ಲಿ ಏನಾದರೂ ಮಾಡಿಕೊಳ್ಳಲಿ, ಅಡುಗೆಮನೆಗೂ ಬರಬೇಕೆ? ಸಕ್ಕರೆ ಮುಗಿದ ಡಬ್ಬಿಗೆ ರವೆ ಹಾಕಿದೆನೆಂದು ಒಂದು ದಿನ ದೊಡ್ಡ ರಾದ್ಧಾಂತ. "ಒಮ್ಮೆ ಸಕ್ಕರಿ ಡಬ್ಬಿ ಅಂದಮ್ಯಾಲೆ ಮುಗೀತು. ರವಾಕ್ಕ ಬ್ಯಾರೆ ಡಬ್ಬಿ ತಗೊ!" ಈಗ ನಮ್ಮ ಅಡುಗೆಮನೆಯಲ್ಲಿ ಡಬ್ಬಿಗಳಿಗೆ ಜಾಗವಿದೆ, ನನಗಿಲ್ಲ.

ಪಕ್ಕದ ಮನೆಯ ಕಾಕು, ನಾವು ಬಂದ ಹೊಸದರಲ್ಲಿ, "ಚಹಾ ತಗೋತೀರೇನ್ರಿ?" ಎಂದಿದ್ದರು. ಆಗಷ್ಟೇ ಕುಡಿದಿದ್ದ ಇವರು "ಬ್ಯಾಡ್ರಿ" ಎಂದರು. ಆಯಿತಲ್ಲ! ಅಂದಿನಿಂದ ಆಕೆ ಯಾವಾಗ ಕೇಳಿದರೂ, "ಆಗ ಹೇಳೇನಲ್ರಿ ಕಾಕು." ಪಾಪ, ಕಾಕುವಿಗೆ ತಮ್ಮ ಚಹಾದ ಮೇಲೆಯೇ ಅನುಮಾನ ಬಂದಿದೆ.

ಇಷ್ಟನ್ನೂ ಸಹಿಸಿಕೊಂಡಿದ್ದೆ. ಆದರೆ ಈ ಸಲ ಸಿಕ್ಕಿಕೊಂಡಿದ್ದು ನನ್ನ ತಮ್ಮನ ಭತ್ತ. ಖಾನಾಪುರದಾಚೆಯ ಗುಂಜಿಯಲ್ಲಿ ಅವನ ಗದ್ದೆ ಇರುವುದು ಕಾಡಿನ ಅಂಚಿಗೆ. ಭತ್ತ ಕೊಯ್ಲಿಗೆ ಬಂದಿತ್ತು, ಸಂಜೆಯಾದರೆ ಕಾಡುಕೋಣಗಳೂ ಬರುತ್ತಿದ್ದವು. "ಅಕ್ಕಾ, ಅವು ಬಂದಕೂಡ್ಲೆ ಭೋಂಗಾ ಹೊಡ್ಕೊಳ್ಳೂ ಹಂಗ ಏನರ ಮಾಡಿಕೊಡು. ವರ್ಷದ ಅನ್ನ ಐತಿ" ಎಂದ.

ಭೋಂಗಾ ಎಂದರೆ ಸೈರನ್ನು; ಅದರ ಜೊತೆ ಬೇಲಿಗೊಂದು ಸೆನ್ಸರ್ ಕಟ್ಟಿದರಾಯಿತು. ಎದುರಿಗೆ ಪ್ರಾಣಿ ಇದೆಯೋ ಇಲ್ಲವೋ ಎಂದು ಅದನ್ನು ಕೇಳುವ ಸಿ ಕೋಡನ್ನು ಒಂದೇ ಮಧ್ಯಾಹ್ನದಲ್ಲಿ ಬರೆದು ಮುಗಿಸಿದೆ. ಯಜಮಾನರು ಇಣುಕಿದರು.

"ಬರೇ ಸಿ? ಎಲ್ಲೆ ಏನ್ ಕೆಡತೈತೋ ದೇವರಿಗೂ ಗೊತ್ತಾಗೂದಿಲ್ಲ. ಪ್ರೋಗ್ರಾಂ ನಂದಿರಲಿ. ನಿಂದು ಅದರೊಳಗ ಕಂಸ ಹಾಕಿ ಕುಂದರಸ್ತೇನಿ."

ಸೊಕ್ಕು ನೋಡಿ! ದುಡಿಯುವುದು ನನ್ನ ಕೋಡು, ಹೆಸರು ಅವರ ಪ್ರೋಗ್ರಾಮಿಗೆ! "ಕಂಸದಾಗ ಕುಂದರಾಕ ನಾ ಏನ್ ಪಾಪ ಮಾಡೇನ್ರಿ?" ಎಂದು ಜಗಳ ತೆಗೆದೆ. ಕೇಳಿದರೆ ತಾನೆ?

ಮನೆಯಲ್ಲೇ ಪರೀಕ್ಷೆ ನಡೆಯಿತು. ಸೆನ್ಸರಿನ ಎದುರು ಯಜಮಾನರೇ ನಿಂತು ಚಾಲೂ ಮಾಡುವ ಗುಂಡಿ ಒತ್ತಿದರು. ಭೋಂಗಾ ಹೊಡೆದುಕೊಂಡಿತು. ಅವರು ಪಕ್ಕಕ್ಕೆ ಸರಿದರೂ ನಿಲ್ಲಲಿಲ್ಲ. ವೈರು ಕಿತ್ತ ಮೇಲೆಯೇ ಬಾಯಿ ಮುಚ್ಚಿತು. "ಹುರುಪು ನೋಡು ಅದರದು!" ಎಂದು ಬೀಗಿದರು.

ಗುಂಜಿಗೆ ಹೋಗಿ, ಬೇಲಿಗೆ ಕಟ್ಟಿ, ಎದುರಿಗೆ ಯಾರೂ ಇಲ್ಲದಾಗ ಗುಂಡಿ ಒತ್ತಿದೆವು. ಸಂಜೆ ಕಾಡುಕೋಣಗಳು ಬಂದವು. ಸೆನ್ಸರಿನ ಎದುರಿಗೇ ನಿಂತು ನಿಧಾನವಾಗಿ ಮೇಯ್ದವು. ಭೋಂಗಾ ಮಾತ್ರ ಮೌನವ್ರತ! ನನ್ನ ತಮ್ಮ ತಾಟು ಬಡಿಯುತ್ತ ಓಡಿಸುವಷ್ಟರಲ್ಲಿ ಗದ್ದೆಯ ಒಂದು ಮೂಲೆಯೇ ನೆಲಸಮವಾಗಿತ್ತು.

"ಮಾಮಾರ, ನಿಮ್ಮ ಭೋಂಗಾ ನಿದ್ದಿ ಹೊಡದೈತೇನ್ರಿ?" ಎಂದು ತಮ್ಮ ಕೂಗಿದ. ಆಮೇಲೆ ನನ್ನತ್ತ ತಿರುಗಿ, "ಏನಕ್ಕಾ, ನಿನ್ನ ಕೋಡಿನ ತುಂಡ ಕೆಟ್ಟತೇನು?"

ನನ್ನ ತುಂಡು! ಮೈಯೆಲ್ಲ ಉರಿದುಹೋಯಿತು. ಅಲ್ಲೇ ಬದುವಿನ ಮೇಲೆ ಕೂತು ಲ್ಯಾಪ್‌ಟಾಪ್ ತೆರೆದೆ. ಗಡಿಯಾರಕ್ಕೆ ಮೈಲಿಗೆ ಚೀಟಿ ಇತ್ತು, ಭೋಂಗಾಕ್ಕೆ ಇತ್ತು. ಸೆನ್ಸರನ್ನು ಮುಟ್ಟುವ ನನ್ನ ಕೋಡಿಗೆ ಮಾತ್ರ ಇರಲಿಲ್ಲ. ಅದನ್ನು ಮಡಿಯೆಂದು ಬಿಟ್ಟಿದ್ದರು! ಮಡಿಯ ಉತ್ತರ ಎಂದೂ ಬದಲಾಗದೆಂದು ನಂಬುವ ಭಾಷೆ ಅದು. ಗುಂಡಿ ಒತ್ತಿದಾಗ ನನ್ನ ಕೋಡನ್ನು ಒಮ್ಮೆ ಕೇಳಿದೆ, "ಪ್ರಾಣಿ ಇಲ್ಲ" ಎಂದು ಉತ್ತರ ಬಂದಿದೆ. ಆಮೇಲೆ ಕಾಡೇ ಎದ್ದು ಬಂದರೂ ಮತ್ತೆ ಕೇಳಿಲ್ಲ. ಮನೆಯಲ್ಲಿ ಭೋಂಗಾ ನಿಲ್ಲದಿದ್ದದ್ದೂ ಇದಕ್ಕೇ.

ಹಲ್ಲು ಕಚ್ಚಿಕೊಂಡು ಚೀಟಿ ಅಂಟಿಸಿದೆ. ಸೆನ್ಸರಿನ ಎದುರಿಗೆ ತಮ್ಮ ನಡೆದ, ಭೋಂಗಾ ಹೊಡೆದುಕೊಂಡಿತು, ಸರಿದ, ನಿಂತಿತು. ಮಿಕ್ಕ ಭತ್ತ ಉಳಿಯಿತು.

ಮರುದಿನ ಬೆಳಿಗ್ಗೆ, ಬೆಳಗಾವಿ ಮುಟ್ಟುವವರೆಗೂ ಬೈಯಬೇಕೆಂದೇ ಬೈಕಿನ ಹಿಂದೆ ಕೂತೆ. "ಹುಡುಗರಿಗೆ ಮೊದಲನೇ ಪಾಠ ಈ ಚೀಟಿ ಹಚ್ಚೂದನ್ನ ಕಲಸ್ತೀರಿ. ನಿಮಗ ತಿಳೀಲಿಲ್ಲೇನ್ರಿ? ನನ್ನ ತಮ್ಮನ ಅನ್ನಕ್ಕ ಕಲ್ಲ ಹಾಕಿದ್ರೆಲ್ಲ!"

ಯಜಮಾನರು ಬೈಕಿನ ವೇಗ ತಗ್ಗಿಸಿದರು. ಆಮೇಲೆ ಹಿಂತಿರುಗಿ ನೋಡದೆಯೇ ಹೇಳಿದರು:

"ತಿಳಿದಿತ್ತು. ಚೀಟಿ ಹಚ್ಚಾಕಂತನ ಕುಂತಿದ್ದೆ. ನೀ ಬರದದ್ದರ ಮ್ಯಾಲೆ ಮೈಲಿಗಿ ಅಂತ ಬರಿಯಾಕ ಕೈ ಬರಲಿಲ್ಲ. ಒಂದ ಸಲ ಬಿಟ್ರ ನಡೀತೈತಿ ಅಂದ್ಕೊಂಡೆ."

ಖಾನಾಪುರ ದಾಟುವ ಮೊದಲೇ ನನಗೆ ಅಳು ಬಂದುಬಿಟ್ಟಿತು.