ದೊಡ್ಡಕ್ಕನ ಎಡಮಂಡಿ, ಮಹಡಿಯ ಬೆಡ್‌ಶೀಟು ಹಾಗೂ ಮಳೆಯ ಬಗ್ಗೆ

ಆಸ್ಪತ್ರೆ ಬಟ್ಟೆ ವಿಭಾಗ
ಕಚೇರಿ ಅಧೀಕ್ಷಕರ ಕೊಠಡಿ, ನೆಲಮಹಡಿ

ಸಂಖ್ಯೆ: ಬ.ವಿ./ಮಹಡಿ/ಮಂಡಿ/೩
ದಿನಾಂಕ: ಶನಿವಾರ (ತಾರೀಖಿನ ಮೊಹರು ಸೆಕೆಗೆ ಉಬ್ಬಿ ಬುಧವಾರದಲ್ಲೇ ಸಿಕ್ಕಿಕೊಂಡಿರುವುದರಿಂದ ಕೈಯಲ್ಲಿ ಬರೆಯಲಾಗಿದೆ)

ಸುತ್ತೋಲೆ

ವಿಷಯ: ಸೆಕೆ ಹಾಗೂ ಗುಡುಗು ಮಳೆಯ ದಿನಗಳಲ್ಲಿ ಮಹಡಿಯ ಮೇಲೆ ಬೆಡ್‌ಶೀಟು ಹರವುವ, ತೆಗೆಯುವ ಮತ್ತು ಆಕಾಶ ನೋಡುವ ಬಗ್ಗೆ, ಹಾಗೂ ಒಗೆಯುವ ವಿಭಾಗದ ಹಿರಿಯ ನೌಕರರಾದ ದೊಡ್ಡಕ್ಕನವರ ಎಡಮಂಡಿಯ ಬಗ್ಗೆ.

ಉಲ್ಲೇಖ:
೧) ಮಂಗಳವಾರದ ಸುತ್ತೋಲೆ ಸಂಖ್ಯೆ ೧.
೨) ಅದು ತಪ್ಪೆಂದು ಹೊರಡಿಸಿದ ಗುರುವಾರದ ಸುತ್ತೋಲೆ ಸಂಖ್ಯೆ ೨.
೩) ದೊಡ್ಡಕ್ಕನವರ ರಜೆ ಅರ್ಜಿ.
೪) ಮೇಲ್ಕಂಡ ಮಂಡಿ.

ಪ್ರಸ್ತಾವನೆ:

ಕಳೆದ ಭಾನುವಾರದ ಸಿಡಿಲಿಗೆ ವಿಭಾಗದ ಬಟ್ಟೆ ಒಣಗಿಸುವ ಯಂತ್ರ ಸುಟ್ಟುಹೋಗಿದ್ದು, ಅಂದಿನಿಂದ ಎಲ್ಲಾ ವಾರ್ಡುಗಳ ನೂರಾ ನಲವತ್ತು ಬೆಡ್‌ಶೀಟುಗಳನ್ನು ದಿನವೂ ಮಹಡಿಯ ತಂತಿಗಳ ಮೇಲೆ ಹರವಲಾಗುತ್ತಿದೆ. ಸೆಕೆಯ ಬಗ್ಗೆ ಹೆಚ್ಚು ಹೇಳುವ ಅಗತ್ಯವಿರುವುದಿಲ್ಲ. ಬರೆಯಲು ಕುಳಿತವರ ಮೊಣಕೈಗೆ ಕಡತ ಅಂಟಿಕೊಂಡು, ಅವರು ಟೀ ಕುಡಿಯಲು ಎದ್ದಾಗ ಕಡತವೂ ಜೊತೆಗೆ ಹೋಗಿ ಬಂದ ಪ್ರಕರಣಗಳು ಮೂರು ವರದಿಯಾಗಿವೆ. ಲಕೋಟೆಗಳು ಒಳಗೆ ಪತ್ರವಿಡುವ ಮೊದಲೇ ತಮ್ಮಷ್ಟಕ್ಕೆ ಅಂಟಿಕೊಂಡು ಖಾಲಿಯಾಗಿಯೇ ರವಾನೆಯಾಗಿದ್ದು, ಸ್ವೀಕರಿಸಿದ ಕಚೇರಿಗಳಿಂದ ಈವರೆಗೆ ಯಾವ ದೂರೂ ಬಂದಿಲ್ಲ. ಇಂಥ ಹವೆಯಲ್ಲಿ ಬೆಡ್‌ಶೀಟು ಒಣಗಲು ನಾಲ್ಕು ಗಂಟೆ ಬೇಕು, ಮಧ್ಯಾಹ್ನದ ಮಳೆಗೆ ತೋಯಲು ನಾಲ್ಕು ನಿಮಿಷ ಸಾಕು. ಪ್ರಕರಣದ ಮೂಲ ಇಷ್ಟೇ. ಉಳಿದದ್ದನ್ನು ಕಚೇರಿಯೇ ಸೇರಿಸಿರುತ್ತದೆ.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಹವಾಮಾನದವರಿಂದ "ಇಂದು ಮಧ್ಯಾಹ್ನ ಗುಡುಗು ಸಹಿತ ಮಳೆ" ಎಂಬ ಪತ್ರ ಸ್ವೀಕೃತವಾಯಿತು. ಟಪಾಲು ಗುಮಾಸ್ತರು ಅದಕ್ಕೆ ಸಂಖ್ಯೆ ಹಾಕಿ, ಮೊಹರು ಒತ್ತಿ, ಸೂಕ್ತ ಮಾರ್ಗದ ಮೂಲಕ ಮಹಡಿಗೆ ರವಾನಿಸಿದರು. ಎರಡೂವರೆಗೆ ಮಳೆ ಬಂತು. ಪತ್ರ ಆ ಹೊತ್ತಿಗೆ ಉಗ್ರಾಣದವರ ಮೇಜಿನ ಮೇಲೆ, ಸಹಿಗಾಗಿ ಕಾಯುತ್ತಿತ್ತು. ನೂರಾ ನಲವತ್ತೂ ತೊಯ್ದವು. ಮಳೆ ಬರುತ್ತದೆಂದರೆ ಯಾರ ಅಪ್ಪಣೆಗೂ ಕಾಯದೆ ಬಟ್ಟೆ ತೆಗೆಯುವ ದೊಡ್ಡಕ್ಕನವರು ಅಂದು ಅರ್ಧ ದಿನದ ರಜೆಯಲ್ಲಿದ್ದರು. ಇದೇ ಆಸ್ಪತ್ರೆಯ ಮೂಳೆ ವಾರ್ಡಿನ ಬಾಗಿಲಲ್ಲಿ ಅವರು ಸಾಲು ನಿಂತಿದ್ದರು. ಹನ್ನೊಂದು ತಿಂಗಳು ಅಲೆದ ಮೇಲೆ ಅವರ ಎಡಮಂಡಿಯ ಶಸ್ತ್ರಚಿಕಿತ್ಸೆಗೆ ಅಂದು ದಿನ ಸಿಕ್ಕಿತು: ಬರುವ ಸೋಮವಾರ. ತಪ್ಪಿದರೆ ಮುಂದಿನ ಬೇಸಿಗೆ ಎಂದು ಮೂಳೆ ವೈದ್ಯರು ಚೀಟಿಯ ಮೇಲೆಯೇ ಬರೆದುಕೊಟ್ಟಿರುತ್ತಾರೆ. ಆ ವಾರ್ಡಿನ ಬೆಡ್‌ಶೀಟುಗಳನ್ನು ಹದಿನೆಂಟು ವರ್ಷ ಒಗೆದವರು, ಅದರೊಳಗೆ ಹೆಜ್ಜೆಯಿಟ್ಟದ್ದು ಅದೇ ಮೊದಲು ಎಂಬುದನ್ನೂ ಕಚೇರಿ ಗಮನಿಸಿದೆ, ತಡವಾಗಿ ಗಮನಿಸಿದೆ.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಅದರಂತೆ ಮಂಗಳವಾರ ಬೆಳಿಗ್ಗೆ, ಲಿಖಿತ ಮುನ್ಸೂಚನೆ ಕೈಸೇರದ ಹೊರತು ಯಾರೂ ಒಂದು ಕ್ಲಿಪ್ಪನ್ನೂ ಬಿಚ್ಚತಕ್ಕದ್ದಲ್ಲವೆಂದು ಸುತ್ತೋಲೆ ಸಂಖ್ಯೆ ೧ನ್ನು ಹೊರಡಿಸಲಾಯಿತು. ಅದೇ ದಿನ ಒಂದೂ ಹತ್ತಕ್ಕೆ, ಕಣ್ಣು ಬಿಡಲಾಗದ ಬಿಸಿಲಿನಲ್ಲಿ, ದೊಡ್ಡಕ್ಕನವರು, ಇದೇ ವಿಭಾಗದಲ್ಲಿ ಕೆಲಸ ಮಾಡುವ ತಮ್ಮ ಓರಗಿತ್ತಿಯವರ ಜೊತೆ ಸೇರಿ ಎಲ್ಲಾ ಬೆಡ್‌ಶೀಟುಗಳನ್ನು ತೆಗೆದರು. ಎರಡಕ್ಕೆ ಮಳೆ ಹುಯ್ದಿತು. ಒಂದೂ ತೊಯ್ಯಲಿಲ್ಲ. ಆದೇಶ ಉಲ್ಲಂಘನೆಯಾದ್ದರಿಂದ, ಮಳೆ ಬರುವುದೆಂದು ತಿಳಿಯಲು ತಮಗಿದ್ದ ಆಧಾರವೇನೆಂದು ಅವರಿಗೆ ಕಾರಣ ಕೇಳುವ ನೋಟಿಸನ್ನು ನೀಡಲಾಯಿತು. ಅವರು ನೋಟಿಸಿನ ಹಿಂಬದಿಯಲ್ಲೇ ಒಂದು ಪದದಲ್ಲಿ ಉತ್ತರಿಸಿದರು: ಮಂಡಿ.

ಬುಧವಾರ ಮಧ್ಯಾಹ್ನ ಹನ್ನೆರಡಕ್ಕೆ ಸೋಮವಾರದ ಪತ್ರ ಆರು ಸಹಿಗಳೊಂದಿಗೆ ಮಹಡಿ ತಲುಪಿತು. ಪತ್ರದಲ್ಲಿ "ಇಂದು" ಎಂದಿದ್ದುದರಿಂದ, ತಲುಪಿದ ದಿನವೇ ಇಂದು ಎಂದು ಪರಿಗಣಿಸಿ, ಅರ್ಧ ಒಣಗಿದ ಬೆಡ್‌ಶೀಟುಗಳನ್ನು ತೆಗೆದು ಮಡಿಸಿಡಲು ಆದೇಶಿಸಲಾಯಿತು. ಇವತ್ತು ಮಳೆಯಿಲ್ಲವೆಂದು ದೊಡ್ಡಕ್ಕನವರು ಹೇಳಿದ್ದನ್ನು ದಾಖಲಿಸಿಕೊಳ್ಳಲಾಯಿತಾದರೂ ಕೇಳಿಸಿಕೊಳ್ಳಲಾಗಲಿಲ್ಲ. ಸಂಜೆಯವರೆಗೂ ಒಂದು ಹನಿ ಬೀಳಲಿಲ್ಲ. ಮಡಿಸಿಟ್ಟ ಬಟ್ಟೆಯ ಮುಗ್ಗಲು ವಾಸನೆಯ ಬಗ್ಗೆ ಹಿರಿಯ ದಾದಿಯವರು ಖುದ್ದಾಗಿ ಬಂದು ಅಧೀಕ್ಷಕರಿಗೆ ತಿಳಿಸಿದ್ದು, ಅವರು ಬಳಸಿದ ಪದಗಳನ್ನು ಕಡತದಲ್ಲಿ ಸೇರಿಸಿರುವುದಿಲ್ಲ.

ಗುರುವಾರದ ಹೊತ್ತಿಗೆ ಪತ್ರಕ್ಕಿಂತ ಮಂಡಿಯೇ ಮೇಲೆಂದು ಕಚೇರಿಗೆ ಮನವರಿಕೆಯಾಯಿತು. ಸುತ್ತೋಲೆ ಸಂಖ್ಯೆ ೨ರ ಮೂಲಕ ಸದರಿ ಮಂಡಿಯನ್ನು ವಿಭಾಗದ ಹವಾಮಾನ ಉಪಕರಣವೆಂದು ಘೋಷಿಸಿ, ದಾಸ್ತಾನು ಪುಸ್ತಕದಲ್ಲಿ "ಗಡಿಯಾರ, ಗೋಡೆಯದು, ಕೆಟ್ಟದ್ದು" ಮತ್ತು "ಏಣಿ, ಬಿದಿರಿನದು" ಇವುಗಳ ನಡುವೆ ದಾಖಲಿಸಲಾಯಿತು. ಉಪಕರಣದ ಮೇಲೆ ಸಂಖ್ಯೆಯನ್ನು ಬಿಳಿ ಬಣ್ಣದಲ್ಲಿ ಬರೆಯಬೇಕೆಂಬ ನಿಯಮದಂತೆ ಟಪಾಲು ಗುಮಾಸ್ತರು ಕುಂಚದೊಂದಿಗೆ ಹೋದರಾದರೂ, "ನಮ್ಮಕ್ಕನ ಕಾಲೇನು ಆಫೀಸಿನ ಬೆಂಚಾ?" ಎಂದು ಓರಗಿತ್ತಿಯವರು ಕುಂಚವನ್ನು ಕಿತ್ತುಕೊಂಡು, ಅದನ್ನು ಈವರೆಗೂ ಹಿಂದಿರುಗಿಸಿರುವುದಿಲ್ಲ. ಬೆಳಿಗ್ಗೆ ಒಂಬತ್ತು, ಹನ್ನೊಂದು, ಒಂದು ಮತ್ತು ಮೂರು ಗಂಟೆಗೆ ನಿಗದಿತ ನಮೂನೆಯಲ್ಲಿ "ನೋವಿದೆ" ಅಥವಾ "ನೋವಿಲ್ಲ" ಎಂದು ವರದಿ ನೀಡಲು ದೊಡ್ಡಕ್ಕನವರಿಗೆ ಸೂಚಿಸಲಾಯಿತು. ಅದೇ ಕೈಯಲ್ಲಿ, ಶಸ್ತ್ರಚಿಕಿತ್ಸೆಗೆಂದು ಅವರು ಕೊಟ್ಟಿದ್ದ ರಜೆ ಅರ್ಜಿಯ ಮೇಲೆ ಅಧೀಕ್ಷಕರು ಈ ಕೆಳಕಂಡಂತೆ ಷರಾ ಬರೆದರು: "ಮಂಡಿ ವಾಸಿಯಾದಲ್ಲಿ ವಿಭಾಗಕ್ಕೆ ಮಳೆ ತಿಳಿಯುವ ಬೇರೆ ದಾರಿ ಇರುವುದಿಲ್ಲ. ಮಳೆಗಾಲ ಮುಗಿದ ನಂತರ ಪರಿಶೀಲಿಸುವುದು." ದೊಡ್ಡಕ್ಕನವರು ಅರ್ಜಿಯನ್ನು ಓದಿ, ನಾಲ್ಕಾಗಿ ಮಡಿಸಿ, ಸೆರಗಿಗೆ ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತಿದರೆಂದು ತಿಳಿದುಬಂದಿದೆ. ಒಂದೊಂದು ಮೆಟ್ಟಿಲಿಗೂ ಗೋಡೆ ಹಿಡಿದು ನಿಂತರೆಂದೂ ತಿಳಿದುಬಂದಿದೆ.

ಶುಕ್ರವಾರ ಒಂಬತ್ತಕ್ಕೆ ವರದಿ ಬಂತು: ನೋವಿದೆ. ಬಟ್ಟೆ ತೆಗೆಯಲಾಯಿತು. ಮಳೆ ಬರಲಿಲ್ಲ. ಪುನಃ ಹರವಲಾಯಿತು. ಹನ್ನೊಂದಕ್ಕೆ: ನೋವಿದೆ. ತೆಗೆಯಲಾಯಿತು, ಹರವಲಾಯಿತು. ಒಂದಕ್ಕೂ ಹಾಗೆಯೇ, ಮೂರಕ್ಕೂ ಹಾಗೆಯೇ. ಹತ್ತಿ ಇಳಿದು ನೌಕರರು ಬೆಡ್‌ಶೀಟುಗಳಿಗಿಂತ ಹೆಚ್ಚು ಒದ್ದೆಯಾದರು. ಮೂರೂವರೆಗೆ ಅಧೀಕ್ಷಕರು, ವಿಚಾರಣೆ ಮುಗಿಯುವವರೆಗೆ ಬಟ್ಟೆಯನ್ನು ಯಾರೂ ಮುಟ್ಟತಕ್ಕದ್ದಲ್ಲವೆಂದು ಆದೇಶಿಸಿ, ಉಪಕರಣವು ಸುಳ್ಳು ವರದಿ ನೀಡಿದ್ದೇಕೆಂದು ವಿವರಣೆ ಕೇಳಲು ದೊಡ್ಡಕ್ಕನವರನ್ನು ಕೊಠಡಿಗೆ ಕರೆಸಿದರು. ಅವರ ಹೇಳಿಕೆಯನ್ನು ಟಪಾಲು ಗುಮಾಸ್ತರು ಯಥಾವತ್ತಾಗಿ ಬರೆದುಕೊಂಡಿದ್ದು, ಅದು ಹೀಗಿರುತ್ತದೆ:

"ನೋವಿದೆಯಾ ಅಂತ ಕೇಳಿದ್ರಿ, ಇದೆ ಅಂದೆ. ಮಳೆ ಬರುತ್ತಾ ಅಂತ ಯಾರೂ ಕೇಳ್ಲಿಲ್ಲ. ಸಾಹೇಬ್ರೆ, ಈ ಮಂಡಿ ಮಳೆ ಬಂದ್ರೂ ನೋಯುತ್ತೆ, ಬಿಸಿಲು ಬಂದ್ರೂ ನೋಯುತ್ತೆ. ಎರಡು ವರ್ಷದಿಂದ ಒಂದು ದಿನ ಸುಮ್ನಿದ್ದಿದ್ದಿಲ್ಲ. ಮಳೆ ಬಂದ ದಿನ ಮಾತ್ರ ನೀವು ಬರ್ಕೊಂಡ್ರಿ. ಅವತ್ತು ನೋಟಿಸಲ್ಲಿ ಆಧಾರ ಏನು ಅಂತಿತ್ತು. ಆಕಾಶ ನೋಡ್ದೆ ಅಂತ ಬರೆದಿದ್ರೆ, ಯಾರನ್ನ ಕೇಳಿ ನೋಡ್ದೆ ಅಂತ ಇನ್ನೊಂದು ನೋಟಿಸ್ ಬರ್ತಿತ್ತು. ಮಂಡಿ ಆದ್ರೆ ನಂದು, ಯಾರೂ ಕೇಳಲ್ಲ ಅಂದ್ಕೊಂಡೆ. ಗಾಳಿ ನಿಂತು, ಹರವಿದ್ ಶೀಟು ಅಲ್ಲಾಡ್ದೆ ಹಲಗೆ ಥರ ನಿಂತ್ಕೊಂಡ್ರೆ ಇನ್ನೊಂದು ಗಂಟೇಲಿ ಮಳೆ. ಅಷ್ಟೇ ವಿದ್ಯೆ. ನಿಮ್ಮ ಬೆನ್ನ ಹಿಂದೆ ಕಿಟಕಿ ಇದೆಯಲ್ಲ, ಅದನ್ನ ತೆಗೀರಿ. ಅದಕ್ಕೆ ನೋವಿಲ್ಲ."

ಕಾಗದ ಹಾರುತ್ತದೆಂಬ ಕಾರಣಕ್ಕೆ ಹನ್ನೊಂದು ವರ್ಷದಿಂದ ಮುಚ್ಚಿದ್ದ ಸದರಿ ಕಿಟಕಿಯನ್ನು ಅಧೀಕ್ಷಕರು ಎರಡು ಗುದ್ದು ಹಾಕಿ ತೆರೆದರು. ಪಶ್ಚಿಮ ದಿಕ್ಕು ಕಾಡಿಗೆಯಂತೆ ಕಪ್ಪಾಗಿತ್ತು. ಎಲೆ ಅಲ್ಲಾಡುತ್ತಿರಲಿಲ್ಲ. ಮಹಡಿಯಲ್ಲಿ ನೂರಾ ನಲವತ್ತು ಬೆಡ್‌ಶೀಟುಗಳು ಕಚೇರಿಯ ಆದೇಶದ ಮೇರೆಗೆ ಹಾಗೇ ಇದ್ದವು. ಇಷ್ಟು ಹೇಳಿದ್ದ ದೊಡ್ಡಕ್ಕನವರೇ, ಅಭ್ಯಾಸಬಲದಿಂದ, ಎದ್ದು ಓಡಲು ಹೊರಟರು. ಎರಡನೆಯ ಹೆಜ್ಜೆಗೆ ಮಂಡಿ ಕೈಕೊಟ್ಟಿತು. ಅಧೀಕ್ಷಕರ ಮೇಜಿನ ಅಂಚು ಹಿಡಿದು ಅವರು ನಿಂತ ರೀತಿಯನ್ನು ಈ ಕಚೇರಿಯ ಯಾವ ನಮೂನೆಯಲ್ಲೂ ತುಂಬಲು ಅಂಕಣವಿರುವುದಿಲ್ಲ. ಅವರನ್ನು ಕೊಠಡಿಯಲ್ಲಿದ್ದ ಒಂದೇ ಒಂದು ಕೈಕುರ್ಚಿಯಲ್ಲಿ ಕೂರಿಸಿ, ಅಧೀಕ್ಷಕರು, ಟಪಾಲು ಗುಮಾಸ್ತರು ಹಾಗೂ ಓರಗಿತ್ತಿಯವರು ಮೇಲಕ್ಕೆ ಓಡಿದರು. ಮಹಡಿಗೆ ನಲವತ್ತಾರು ಮೆಟ್ಟಿಲುಗಳಿವೆ. ಈ ಸಂಖ್ಯೆ ಅಧೀಕ್ಷಕರಿಗೆ ಈ ಮೊದಲು ತಿಳಿದಿರಲಿಲ್ಲ. ನೂರಾ ಮೂವತ್ತೊಂದು ಬೆಡ್‌ಶೀಟು ಒಣಗಿದ್ದಂತೆಯೇ ಸಿಕ್ಕವು. ಒಂಬತ್ತು ಬೆಡ್‌ಶೀಟು ಹಾಗೂ ಅಧೀಕ್ಷಕರು ತೊಯ್ದರು.

ಮೇಲ್ಕಂಡ ಎಲ್ಲವನ್ನೂ ಪರಿಶೀಲಿಸಿ, ತಲೆ ಒರೆಸಿಕೊಂಡು, ಈ ಮೂಲಕ ಸಿಬ್ಬಂದಿಗೆಲ್ಲ ಕೆಳಕಂಡಂತೆ ಸೂಚಿಸಲಾಗಿದೆ.

೧. ಸುತ್ತೋಲೆ ೧ ಮತ್ತು ೨ನ್ನು ಹಿಂಪಡೆಯಲಾಗಿದೆ. ಸೆಕೆಗೆ ಗೋಡೆಗೆ ಕಚ್ಚಿಕೊಂಡು ಕಿತ್ತು ಬರದಿದ್ದಲ್ಲಿ, ಓದದೆ ಹಾದುಹೋಗುವುದು.

೨. ಅಧೀಕ್ಷಕರ ಕೊಠಡಿಯ ಕಿಟಕಿಯನ್ನು ಬೆಳಿಗ್ಗೆ ಒಂಬತ್ತರಿಂದ ತೆರೆದಿಡತಕ್ಕದ್ದು. ಗಂಟೆಗೊಬ್ಬರಂತೆ ಸರದಿಯ ಮೇಲೆ ಎಲ್ಲರೂ ಎರಡು ನಿಮಿಷ ಆಕಾಶ ನೋಡತಕ್ಕದ್ದು. ಇದಕ್ಕೆ ಅನುಮತಿ ಬೇಕಿಲ್ಲ. ನೋಡುತ್ತಾ ಮನೆಯ ಯೋಚನೆ ಮಾಡಿದಲ್ಲಿ ಮೂರನೆಯ ನಿಮಿಷವೆಂದು ಪರಿಗಣಿಸಲಾಗುವುದು.

೩. ಕಂಡ ಮೋಡಕ್ಕೆ ಟಪಾಲು ಸಂಖ್ಯೆ ಹಾಕತಕ್ಕದ್ದಲ್ಲ. ಮೋಡ ಆನೆಯಂತಿತ್ತು, ನಮ್ಮ ಮಾವನಂತಿತ್ತು ಇತ್ಯಾದಿ ವಿವರಗಳನ್ನು ದಾಖಲಿಸುವ ಅಗತ್ಯವಿಲ್ಲ. ಕಪ್ಪಗಿದೆಯೇ, ಇತ್ತ ಬರುತ್ತಿದೆಯೇ ಎಂಬ ಎರಡು ಅಂಶ ಸಾಕು. ಮೋಡ ಕಂಡವರು ಪತ್ರ ಬರೆಯದೆ ಬಾಯಲ್ಲಿ ಕೂಗತಕ್ಕದ್ದು.

೪. ಗುಡುಗಿಗೆ ಬೆಚ್ಚಿಬೀಳಲು ಪೂರ್ವಾನುಮತಿ ಬೇಕಿಲ್ಲ. ಬೆಚ್ಚಿಬಿದ್ದ ನಂತರ, ತಾನು ಹೆದರಲಿಲ್ಲವೆಂದು ಎರಡಕ್ಕಿಂತ ಹೆಚ್ಚು ಬಾರಿ ಹೇಳುವವರನ್ನು ಹೆದರಿದವರೆಂದೇ ಪರಿಗಣಿಸಲಾಗುವುದು. ಟಪಾಲು ಗುಮಾಸ್ತರು ಇದನ್ನು ವಿಶೇಷವಾಗಿ ಗಮನಿಸುವುದು.

೫. ಎಷ್ಟು ನೋಡಿದರೂ ಹೇಳದೆ ಕೇಳದೆ ಬಂದ ಮಳೆಗೆ ನೌಕರರು ಹೊಣೆಯಲ್ಲ. ಅಂಥ ಮಳೆಯಿಂದಲೇ ವಿವರಣೆ ಕೇಳಿ, ಏಳು ದಿನಗಳೊಳಗೆ ಉತ್ತರ ಬಾರದಿದ್ದಲ್ಲಿ ಕಡತವನ್ನು ಮುಕ್ತಾಯಗೊಳಿಸುವುದು.

೬. ಎಡಮಂಡಿಯು ಬಿಸಿಲಿನಲ್ಲೂ ಮಳೆಯೆಂದೇ ತೋರಿಸುತ್ತಿರುವುದರಿಂದ ಅದನ್ನು ಕೆಟ್ಟ ಉಪಕರಣವೆಂದು ತೀರ್ಮಾನಿಸಲಾಗಿದೆ. ಕೆಟ್ಟ ಉಪಕರಣವನ್ನು ದುರಸ್ತಿಗೆ ಕಳುಹಿಸದೆ ಬಳಸುವುದು ನಿಯಮಬಾಹಿರ. ಆದ್ದರಿಂದ ಸದರಿ ಮಂಡಿಯನ್ನು ಬರುವ ಸೋಮವಾರವೇ ಮೂಳೆ ವಾರ್ಡಿಗೆ ಒಪ್ಪಿಸತಕ್ಕದ್ದು. ಬಿಡಿಯಾಗಿ ಕಳುಹಿಸಲು ಸಾಧ್ಯವಾಗದ ಕಾರಣ, ದೊಡ್ಡಕ್ಕನವರು ಅದರ ಜೊತೆಗೇ ಹೋಗತಕ್ಕದ್ದು ಮತ್ತು ಅದು ನಡೆಯುವವರೆಗೆ ಅದರ ಜೊತೆಗೇ ಇರತಕ್ಕದ್ದು. ಈ ಅವಧಿಯನ್ನು ಕರ್ತವ್ಯವೆಂದು ಪರಿಗಣಿಸಲಾಗಿದೆ. ರಜೆ ಅರ್ಜಿಯ ಅಗತ್ಯವಿಲ್ಲದ್ದರಿಂದ, ಅದರ ಮೇಲಿನ ಷರಾವನ್ನು ಬರೆದವರೇ ಹೊಡೆದುಹಾಕಿರುತ್ತಾರೆ.

೭. ದುರಸ್ತಿಯಾದ ಮೇಲೆ ಮಂಡಿ ಸಂಪೂರ್ಣವಾಗಿ ದೊಡ್ಡಕ್ಕನವರದ್ದೇ ಆಗಿರುತ್ತದೆ. ದಾಸ್ತಾನು ಪುಸ್ತಕದ ಆ ಸಾಲಿನ ಮೇಲೆ ಕೆಂಪು ಗೆರೆ ಎಳೆಯಲಾಗಿದೆ.

೮. ಸೋಮವಾರದಿಂದ ಮಹಡಿಯ ಬಟ್ಟೆಯ ಹೊಣೆ ಅಧೀಕ್ಷಕರದ್ದು. ಓರಗಿತ್ತಿಯವರು ಹೇಳಿಕೊಟ್ಟಂತೆ ಅವರು ಹರವತಕ್ಕದ್ದು. ಕ್ಲಿಪ್ಪು ಹಾಕುವುದರಲ್ಲಿ ಅವರ ಪ್ರಗತಿಯ ಬಗ್ಗೆ ಓರಗಿತ್ತಿಯವರು ಈಗಾಗಲೇ ಅಭಿಪ್ರಾಯ ವ್ಯಕ್ತಪಡಿಸಿದ್ದು, ಕಚೇರಿ ಅದನ್ನು ನುಂಗಿಕೊಂಡಿದೆ.

೯. ವಾರ್ಡಿನ ಕಿಟಕಿಯಿಂದಲೂ ಆಕಾಶ ಕಾಣುತ್ತದೆಂದು ಮೂಳೆ ವೈದ್ಯರು ತಿಳಿಸಿರುತ್ತಾರೆ. ದೊಡ್ಡಕ್ಕನವರ ಸ್ವಭಾವವನ್ನು ಗಮನದಲ್ಲಿಟ್ಟು ಈ ಮೂಲಕ ಕಟ್ಟುನಿಟ್ಟಾಗಿ ಸೂಚಿಸುವುದೇನೆಂದರೆ: ಎಷ್ಟೇ ಕಪ್ಪಾಗಲಿ, ಎಷ್ಟೇ ಗುಡುಗಲಿ, ಗಾಳಿ ನಿಲ್ಲಲಿ, ಅವರು ಹಾಸಿಗೆಯಿಂದ ಏಳತಕ್ಕದ್ದಲ್ಲ. ಬಟ್ಟೆ ತೊಯ್ದರೆ ತೊಯ್ಯಲಿ.

ಸಹಿ/-
ಕಚೇರಿ ಅಧೀಕ್ಷಕರು
(ನೆಗಡಿಯಾಗಿರುವುದರಿಂದ ಸಹಿ ಅಲುಗಿದೆ, ಅಸಲಿಯೆಂದು ದೃಢೀಕರಿಸಲಾಗಿದೆ)

ಪ್ರತಿಗಳು:
೧. ಹಿರಿಯ ದಾದಿಯವರಿಗೆ, ಕ್ಷಮೆಯೊಂದಿಗೆ.
೨. ಹವಾಮಾನದವರಿಗೆ, ಪತ್ರದಲ್ಲಿ "ಇಂದು" ಎನ್ನುವ ಬದಲು ವಾರದ ಹೆಸರು ಬರೆಯುವ ಕೋರಿಕೆಯೊಂದಿಗೆ.
೩. ಮೂಳೆ ವೈದ್ಯರಿಗೆ, ಸೋಮವಾರದ ಸಾಲಿನಲ್ಲಿ ಹೆಸರಿರುವುದನ್ನು ಇನ್ನೊಮ್ಮೆ ನೋಡಿಕೊಳ್ಳಲು.
೪. ಓರಗಿತ್ತಿಯವರಿಗೆ, ಕುಂಚ ಹಿಂದಿರುಗಿಸಲು, ಆತುರವಿಲ್ಲ.
೫. ಟಪಾಲು ಗುಮಾಸ್ತರಿಗೆ. ಈ ಒಂದು ಕಾಗದವನ್ನು ಯಾವ ಮಾರ್ಗದ ಮೂಲಕವೂ ಕಳುಹಿಸದೆ, ಕೈಯಲ್ಲಿ ಹಿಡಿದು ಓಡುವುದು.
೬. ದೊಡ್ಡಕ್ಕನವರಿಗೆ, ಸೋಮವಾರದಿಂದ ಮೂಳೆ ವಾರ್ಡು, ಹಾಸಿಗೆ ಸಂಖ್ಯೆ ೯. ಮಲಗಿಕೊಂಡೇ ಓದುವುದು.