ರಾಜ್ಯಶಾಸ್ತ್ರಕ್ಕೆ ಹದಿನೈದು ತಲೆ

ರಾಜ್ಯಶಾಸ್ತ್ರ ಪಾಠ ಮಾಡೋರ ಹಣೆಬರಹವೇ ಇಷ್ಟು ಕಣ್ರೀ, ಪುಸ್ತಕ ಮುಚ್ಚಿಟ್ಟರೂ ಫಜೀತಿ ಬಿಡಲ್ಲ. ಚಂದಾಪುರದ ಹತ್ತಿರದ ಒಂದು ಪುಟ್ಟ ಆರ್ಟ್ಸ್ ಕಾಲೇಜಲ್ಲಿ ಹನ್ನೊಂದು ವರ್ಷ ಪಾಠ ಮಾಡಿದೆ. ಸುತ್ತ ಫ್ಯಾಕ್ಟರಿಗಳು, ನಡುವೆ ನಾನು ಮತ್ತು ಸಂವಿಧಾನ. ಕೊನೆಯ ವರ್ಷ ಮ್ಯಾನೇಜ್‌ಮೆಂಟಿನವರು ಕರೆದು ಹೇಳಿಬಿಟ್ಟರು: "ಜೂನ್‌ನಲ್ಲಿ ಹದಿನೈದು ಹೊಸ ಮಕ್ಕಳು ಸೇರದಿದ್ರೆ ರಾಜ್ಯಶಾಸ್ತ್ರ ಬಂದ್." ಅದು ಬಂದ್ ಆದ್ರೆ ನನ್ನ ಕೆಲಸವೂ ಬಂದ್.

ಓನರ್ರ ಸಮಾಧಾನ

ನನ್ನ ಬಾಡಿಗೆ ಮನೆಯ ಓನರ್ರಿಗೆ ನನ್ನ ಸಬ್ಜೆಕ್ಟಿನ ಮೇಲೆ ಮೊದಲಿಂದಲೂ ಅನುಮಾನ.

"ಮೇಡಂ, ರಾಜಕೀಯಕ್ಕೂ ಕ್ಲಾಸಾ?"

"ಮೂರು ವರ್ಷದ ಡಿಗ್ರೀನೇ ಇದೆ ಸಾರ್."

"ನಮ್ಮ ವಾರ್ಡ್ ಮೆಂಬರ್ರು ಏಳನೇ ಕ್ಲಾಸಿಗೇ ಬಿಟ್ಟೋರು. ಮೂರು ಸಲ ಗೆದ್ದವ್ರೆ. ನೀವು?"

"ನಾನು ಎಂ.ಎ. ಒಂದ್ಸಲವೂ ನಿಂತಿಲ್ಲ."

ಪಾಪ, ಅವರಿಗೇ ಕನಿಕರ ಬಂತು. "ಹೋಗ್ಲಿ ಬಿಡಿ, ಬೇಜಾರ್ ಮಾಡ್ಕೋಬೇಡಿ, ಇನ್ನೂ ವಯಸ್ಸಿದೆ" ಅಂತ ಟೀ ಕುಡಿಸಿ ಕಳಿಸಿದರು.

ಮತದಾನದ ದಿನ

ಚುನಾವಣೆ ಪಾಠವನ್ನ ಬಾಯಲ್ಲಿ ಹೇಳಿ ಹೇಳಿ ಸಾಕಾಗಿ, ಕ್ಲಾಸಲ್ಲೇ ಒಂದು ಅಣಕು ಎಲೆಕ್ಷನ್ ಮಾಡೋಣ ಅಂದುಕೊಂಡೆ. ಚಪ್ಪಲಿ ಡಬ್ಬದಲ್ಲಿ ಮತಪೆಟ್ಟಿಗೆ, ಹಳೇ ಪರದೆಯಲ್ಲಿ ಮತಗಟ್ಟೆ, ಬೆರಳಿಗೆ ಹಚ್ಚೋಕೆ ಇಂಕು. ಎಲ್ಲ ಜೋಡಿಸಿಕೊಂಡು ಬೆಳಿಗ್ಗೆಯಿಂದ ಕೂತೆ. ಒಂದು ನರಪಿಳ್ಳೆಯೂ ಬರಲಿಲ್ಲ.

ಮಾರನೇ ದಿನ ಸಿಟ್ಟಲ್ಲಿ ಕೇಳಿದೆ, "ಎಲ್ಲಿ ಹಾಳಾಗಿ ಹೋಗಿದ್ರೋ?"

"ವೋಟಿಂಗ್ ದಿನ ರಜಾ ಅಲ್ವಾ ಮೇಡಂ? ನಂದಿ ಬೆಟ್ಟಕ್ಕೆ ಹೋಗಿದ್ವಿ."

ಬೆರಳು ನೋಡಿದರೆ ಅಷ್ಟೂ ಜನಕ್ಕೆ ಕಪ್ಪು ಗುರುತು! ಮಾರ್ಕರ್ ಪೆನ್ನಲ್ಲಿ ತಾವೇ ಹಾಕಿಕೊಂಡಿದ್ದಾರೆ. "ಅಟೆಂಡೆನ್ಸಿಗೆ ಪ್ರೂಫ್ ಬೇಕಲ್ಲ ಮೇಡಂ."

ಕೈ ಮುಗಿದು ಬಂದವಳು

ಹದಿನೈದು ತಲೆ ಹುಡುಕಿಕೊಂಡು ಮೇ ತಿಂಗಳ ಬಿಸಿಲಲ್ಲಿ ಮನೆಮನೆ ಸುತ್ತಿದೆ. ಬೇಗೂರಲ್ಲಿ ಪಿಯುಸಿ ಪಾಸಾದ ಒಬ್ಬ ಹುಡುಗ ಇದ್ದಾನೆ ಅಂತ ಗೊತ್ತಾಗಿ ಹೋದರೆ, ಬಾಗಿಲಲ್ಲಿ ಅವನ ಅಜ್ಜಿ ಕೂತಿದ್ದರು. ನಾನು ಕೈ ಮುಗಿದೆ. ಕೈಯಲ್ಲಿ ಕಾಲೇಜಿನ ಪಾಂಪ್ಲೆಟ್ಟು.

"ಬಂದ್ಯಾ? ಓದ ಸಲಾನೂ ಒಬ್ಬ ಇಂಗೇ ಕೈ ಮುಗ್ಕಂಡು ಬಂದಿದ್ದ. ಚರಂಡಿ ಎಲ್ಲವ್ವಾ?"

"ಅಜ್ಜಿ, ನಾನು ಕಾಲೇಜಿಂದ..."

"ಎಲ್ಲಿಂದಾನ ಬಾ. ಮದ್ಲು ಚರಂಡಿ ನೋಡು."

ಮನೆ ಹಿಂದಕ್ಕೆ ಎಳೆದುಕೊಂಡೇ ಹೋದರು. ಮೂಗು ಮುಚ್ಚಿಕೊಂಡು ಉದ್ದಕ್ಕೂ ನೋಡಿದೆ. "ಮಾಡಿಸ್ತೀನಿ ಅಜ್ಜಿ" ಅಂತ ಬಾಯಿಗೂ ಬಂದುಬಿಡ್ತು. ಹುಡುಗ ಅಷ್ಟರಲ್ಲಿ ಬಿಕಾಂಗೆ ಸೇರಿಯಾಗಿತ್ತು.

ಧರಣಿ

ಜೂನ್ ಬಂತು. ಸೇರಿದವರು ಒಂಬತ್ತೇ ಜನ. ರಾಜ್ಯಶಾಸ್ತ್ರ ಮುಚ್ಚುತ್ತೇವೆ ಅಂತ ನೋಟಿಸ್ ಬೋರ್ಡಿಗೆ ಚೀಟಿ ಅಂಟಿಸಿದರು.

ಮಧ್ಯಾಹ್ನ ನೋಡ್ತೀನಿ, ನನ್ನ ಮಕ್ಕಳೆಲ್ಲ ಗೇಟಿನ ಮುಂದೆ ಧರಣಿ ಕೂತಿದ್ದಾರೆ! "ರಾಜ್ಯಶಾಸ್ತ್ರ ಉಳಿಸಿ" ಅಂತ ಕೂಗು ಬೇರೆ. ನಿಜ ಹೇಳ್ತೀನಿ, ಕಣ್ಣಲ್ಲಿ ನೀರು ಬಂತು. ಹನ್ನೊಂದು ವರ್ಷ ಗೋಡೆಗೆ ಪಾಠ ಮಾಡಿಲ್ಲ ಅನ್ನಿಸಿತು.

ಮ್ಯಾನೇಜ್‌ಮೆಂಟಿನವರು ಮಾತುಕತೆಗೆ ಕರೆದರು. ಮಕ್ಕಳ ಪರವಾಗಿ ಫೈನಲ್ ಇಯರ್ ಹುಡುಗಿಯೊಬ್ಬಳು ಒಳಗೆ ಹೋಗಿ, ಒಂದು ಗಂಟೆ ಬಿಟ್ಟು ಹಲ್ಲು ಕಿರಿಯುತ್ತ ಹೊರಗೆ ಬಂದಳು.

"ಗೆದ್ವಿ ಮೇಡಂ! ದಿನಾ ಒಂದು ಗಂಟೆಗೆ ಬೊಮ್ಮಸಂದ್ರದ ಫ್ಯಾಕ್ಟರಿಗಳಿಗೆ ಕಾಲೇಜ್ ವ್ಯಾನ್ ಬಿಡ್ತಾರೆ. ನಮ್ಮಲ್ಲಿ ಸೆಕೆಂಡ್ ಶಿಫ್ಟಿಗೆ ಕೆಲಸಕ್ಕೆ ಹೋಗೋರ್ಗೆಲ್ಲ ಇನ್ಮೇಲೆ ಸೂಪರ್‌ವೈಸರ್ ಹತ್ರ ಬೈಸ್ಕೊಳ್ಳೋದು ತಪ್ತು."

"ನಮ್ಮ ರಾಜ್ಯಶಾಸ್ತ್ರ?"

"ಅದನ್ನ ಬಿಟ್ಕೊಟ್ವಿ ಮೇಡಂ. ಏನಾದ್ರೂ ಬಿಟ್ಕೊಡದೆ ಏನೂ ಸಿಗಲ್ಲ ಅಂತ ನೀವೇ ನೋಟ್ಸ್ ಬರೆಸಿದ್ರಲ್ಲ. ನಮಗೆ ಹಿಸ್ಟರಿ ಸಾರೇ ಪಾಠ ಮಾಡ್ತಾರಂತೆ."

ಅಲ್ಲೇ ಕಟ್ಟೆ ಮೇಲೆ ಕೂತುಬಿಟ್ಟೆ.

"ಅಯ್ಯೋ, ನಿಮ್ಮನ್ನ ಕೈ ಬಿಡ್ತೀವಾ ಮೇಡಂ? ವ್ಯಾನ್ ಇನ್‌ಚಾರ್ಜ್ ನೀವೇ! ಬರೆಸಿ ಸೈನ್ ಹಾಕಿಸ್ಕೊಂಡೇ ಎದ್ದಿದ್ದು."

ಹಾಳೆ ಇಸಿದುಕೊಂಡು ಓದಿದೆ. ಷರತ್ತುಗಳು ಒಂದು, ಎರಡು, ಮೂರು ಅಂತ ಮುತ್ತು ಪೋಣಿಸಿದ ಹಾಗಿದ್ದವು. ಪರೀಕ್ಷೆಯಲ್ಲಿ ಯಾವತ್ತೂ ಇಷ್ಟು ಚೆನ್ನಾಗಿ ಬರೆದವರಲ್ಲ. ಕೊನೆಯ ಷರತ್ತು ಹೀಗಿತ್ತು: "ಮೇಡಂ ಬರುವುದು ತಡವಾದರೆ ವ್ಯಾನು ಅವರಿಗಾಗಿ ಕಾಯತಕ್ಕದ್ದಲ್ಲ."